ಮಗು ಯಾರ ಹತ್ತಿರ ಉಂಟು?

ಪುತ್ತೂರಿನ ಮಕ್ಕಳ ಆಸ್ಪತ್ರೆಯೊಂದರ ಎದುರು ಸಣ್ಣ ಕ್ಯಾಂಟೀನ್ ಇದೆ. ಬೆಳಿಗ್ಗೆ ಆ ದಾರಿಯಲ್ಲಿ ಹೋದರೆ ಬನ್ಸ್ ಕರಿಯುವ ಪರಿಮಳ ರಸ್ತೆಗೇ ಬರುತ್ತದೆ. ಬೇರೆಯವರಿಗೆ ಹಸಿವಾಗಬಹುದು; ನಾನು ನಡೆಯುತ್ತಿದ್ದವಳು ಅಲ್ಲೇ ನಿಂತುಬಿಡುತ್ತೇನೆ. ದುಃಖಕ್ಕಲ್ಲ. ಮದುವೆಯಾದ ಹೊಸತರಲ್ಲಿ ತವರಿನ ಕಡೆ ಹೋಗುವ ಬಸ್ಸು ಕಂಡರೆ ಆಗುತ್ತಿತ್ತಲ್ಲ, ಆ ಥರದ್ದು. ಆಸ್ಪತ್ರೆಯ ದಿನಗಳಿಗೆ ಹೀಗೆ ಹಂಬಲಿಸುವುದು ವಿಚಿತ್ರವೆಂದು ಬಹಳ ಕಾಲ ಯಾರಿಗೂ ಹೇಳಿರಲಿಲ್ಲ.

ನನ್ನ ಮಗಳು ಚಿನ್ಮಯಿ, ನಮ್ಮೆಲ್ಲರ ಬಾಯಲ್ಲಿ ಚಿನ್ನು, ಒಂದೂವರೆ ವರ್ಷದವಳಿದ್ದಾಗ ಆ ಆಸ್ಪತ್ರೆ ಸೇರಿದ್ದಳು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಗಾಜು ಏರಿಸಿ ಬೀಗ ಹಾಕಿದ ಕಾರಿನೊಳಗೆ ನಾವು ಅವಳನ್ನು ಮರೆತಿದ್ದೆವು. ‘ಇವರು ಮರೆತರು’ ಎಂದು ಹೇಳುವುದು ನನಗೆ ಮೊದಲ ದಿನದಿಂದಲೇ ಬರುತ್ತಿತ್ತು. ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ‘ನಾವು ಮರೆತೆವು’ ಎಂದು ಬರೆಯುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಅವಳೀಗ ಒಂದನೇ ಕ್ಲಾಸಿಗೆ ಹೊಸ ಚೀಲ ತೆಗೆಸಿಕೊಂಡು ಶಾಲೆ ತೆರೆಯುವುದನ್ನು ಕಾಯುತ್ತಿದ್ದಾಳೆ. ಇಂಥದೇ ಒಂದು ದಿನವನ್ನು ಕಂಡು, ಯಾರ ಮುಖವನ್ನೂ ನೋಡಲಾರದೆ ಮನೆಯೊಳಗೆ ಕೂತುಬಿಟ್ಟ ತಾಯಿಯೋ ತಂದೆಯೋ ಎಲ್ಲಾದರೂ ಇದ್ದರೆ, ಅವರ ಪಕ್ಕ ಹೋಗಿ ಕೂತ ಹಾಗೆ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

‘ಇವರು’ ಎಂದರೆ ನನ್ನ ಗಂಡ ರಮೇಶ. ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ, ಆದ್ದರಿಂದ ಇಲ್ಲಿಯೂ ಇವರೇ. ಪುತ್ತೂರಿನಲ್ಲಿ ಪಂಪು ರಿಪೇರಿಯ ಅಂಗಡಿ ಇಟ್ಟಿದ್ದಾರೆ. ತೋಟಕ್ಕೆ ನೀರು ಬಿಡುವ ಕಾಲಕ್ಕೇ ಸರಿಯಾಗಿ ಊರಿನ ಪಂಪುಗಳೆಲ್ಲ ಕೈಕೊಡುವುದರಿಂದ ಬೇಸಿಗೆಯಲ್ಲಿ ಇವರು ಮನೆಗೆ ನೆಂಟರಿದ್ದ ಹಾಗೆ. ಮದುವೆ ಊಟಕ್ಕೆ ಕೂತವರನ್ನು ಜನ ಎಲೆಯಿಂದ ಎಬ್ಬಿಸಿ ಕರೆದುಕೊಂಡು ಹೋದದ್ದುಂಟು. ಆಗುವುದಿಲ್ಲ ಎನ್ನಲು ಈ ಮನುಷ್ಯನಿಗೆ ಗೊತ್ತಿಲ್ಲ. ಅಂಗಡಿಯಿಂದ ಬಂದವರೇ ಕೈ ತೊಳೆಯುವ ಮೊದಲು ಚಿನ್ನುವನ್ನು ಎತ್ತಿ ಹೆಗಲಿಗೇರಿಸಿಕೊಂಡು, ಅವಳ ಅಂಗಿಗೆಲ್ಲ ಗ್ರೀಸ್ ಬಳಿದು, ನನ್ನಿಂದ ಬೈಸಿಕೊಳ್ಳುವುದು ಆಗ ನಮ್ಮ ಮನೆಯ ನಿತ್ಯದ ಕಾರ್ಯಕ್ರಮ. ಆ ಬೈಗುಳ ಈಗ ನೆನಪಾದರೆ ಅದೊಂದು ಸುಖದ ಕಾಲವಾಗಿತ್ತು ಅನ್ನಿಸುತ್ತದೆ.

ಕಾಣಿಯೂರಿನ ಹತ್ತಿರದ ಸಭಾಭವನದಲ್ಲಿ ಇವರ ದೊಡ್ಡಪ್ಪನ ಮಗ ಶಂಕರ ಭಾವನ ಮಗನಿಗೆ ಉಪನಯನ. ನಮ್ಮ ಕಡೆ ಹತ್ತಿರದ ಹೆಂಗಸರು ಜಂಬರಕ್ಕೆ, ಅಂದರೆ ಇಂಥ ಶುಭಕಾರ್ಯಗಳಿಗೆ, ಹಿಂದಿನ ದಿನವೇ ಹೋಗಬೇಕು. ತರಕಾರಿ ಹೆಚ್ಚುವುದಕ್ಕೆ, ಕಾಯಿ ತುರಿಯುವುದಕ್ಕೆ. ಹೋಗದಿದ್ದರೆ ಮೂರು ಜಂಬರದವರೆಗೆ ಮಾತು ಕೇಳಬೇಕು. ಚಿನ್ನುವಿಗೆ ಶೀತವಿದ್ದುದರಿಂದ ಅವಳನ್ನು ಅತ್ತೆಯ ಹತ್ತಿರ ಬಿಟ್ಟು ನಾನು ಮೊದಲ ದಿನವೇ ಹೋದೆ. ಮರುದಿನ ಇವರು ಅತ್ತೆಯನ್ನೂ ಮಗುವನ್ನೂ ಕಾರಿನಲ್ಲಿ ಕರೆದುಕೊಂಡು ಬರುವುದೆಂದಾಯಿತು.

ನಮ್ಮ ಜಂಬರಗಳಲ್ಲಿ ಮಕ್ಕಳು ಯಾರ ಸ್ವಂತದ್ದೂ ಅಲ್ಲ. ನಾನು ಸುಳ್ಯದ ಕಡೆ ಹಾಗೆಯೇ ಬೆಳೆದವಳು. ಚಪ್ಪರದೊಳಗೆ ಕಾಲಿಟ್ಟ ಕ್ಷಣ ಯಾರೋ ಒಬ್ಬ ಚಿಕ್ಕಮ್ಮ ಎತ್ತಿಕೊಂಡರೆ, ಅವರಿಂದ ಇನ್ನೊಬ್ಬ ಅತ್ತೆ, ಅಲ್ಲಿಂದ ಯಾವುದೋ ಅಕ್ಕ. ಒಬ್ಬರ ಸೊಂಟದಲ್ಲಿ ಮಲ್ಲಿಗೆಯ ವಾಸನೆ, ಇನ್ನೊಬ್ಬರದರಲ್ಲಿ ಇಂಗಿನದು. ನಿದ್ದೆ ಬಂದರೆ ಒಳಕೋಣೆಯಲ್ಲಿ ನೆಂಟರ ಸೀರೆ ಚೀಲಗಳ ಮಧ್ಯೆ ಮಲಗಿಸಿಬಿಡುತ್ತಿದ್ದರು. ಎದ್ದಾಗ ಯಾರೋ ಬಾಯಿಗೆ ಹೋಳಿಗೆ ಇಡುತ್ತಿದ್ದರು. ಅಮ್ಮನ ಮುಖ ಕಾಣುತ್ತಿದ್ದದ್ದು ಸಂಜೆಗೇ. ‘ಮಗು ಯಾರ ಹತ್ತಿರ ಉಂಟು?’ ಎಂದು ಅಮ್ಮ ಕೇಳುವುದು, ‘ಯಾರ ಹತ್ತಿರವೋ ಉಂಟು’ ಎಂದು ಉತ್ತರ ಬರುವುದು, ಅಷ್ಟಕ್ಕೇ ಅಮ್ಮನಿಗೆ ಸಮಾಧಾನ. ಅಷ್ಟೊಂದು ಮಡಿಲುಗಳಿದ್ದ ಬಾಲ್ಯ ಚಿನ್ನುವಿಗೂ ಸಿಗಲಿ ಎಂದು ನಾನು ಆಸೆಪಟ್ಟವಳು.

ಆವತ್ತು ಆದದ್ದನ್ನು ನಾನು, ಇವರು, ಅತ್ತೆ ಮೂವರೂ ಮೂರು ಕಡೆಯಿಂದ ಎಷ್ಟೋ ಸಲ ಹೇಳಿಕೊಂಡು ಈಗ ಒಂದು ಮಾಡಿಕೊಂಡಿದ್ದೇವೆ. ಅತ್ತೆ ಹಿಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದರು. ಸಭಾಭವನದ ಮೆಟ್ಟಿಲ ಹತ್ತಿರ ಕಾರು ನಿಂತಿತು. ಅತ್ತೆಗೆ ಗಂಟುನೋವು, ಮಗುವನ್ನು ಹಿಡಿದು ಮೆಟ್ಟಿಲು ಹತ್ತಲಾಗುವುದಿಲ್ಲ. ಅವಳನ್ನು ಸೀಟಿನ ಮೇಲೆ ಶಾಲು ಮಡಚಿ ಮಲಗಿಸಿ, “ಎಬ್ಬಿಸ್ಬೇಡ, ಹಾಗೆಯೇ ಎತ್ತಿಕೊಂಡು ಬಾ” ಎಂದು ಇಳಿದರು. ಇವರು ಫೋನಿನಲ್ಲಿದ್ದರು, ಹ್ಞೂಂ ಎಂದರು. ಹ್ಞೂಂ ಎಂದದ್ದು ಯಾರಿಗೆಂದು ಇವರಿಗೆ ಇವತ್ತಿಗೂ ಗೊತ್ತಿಲ್ಲ. ತಮ್ಮ ಅಮ್ಮ ಇಳಿದ ಮೇಲೆ ಮಗುವೂ ಇಳಿಯಿತೆಂದೇ ಇವರ ತಲೆಯಲ್ಲಿ ಕೂತಿತು, ಯಾಕೆಂದರೆ ಯಾವಾಗಲೂ ಹಾಗೆಯೇ. ಕಾರನ್ನು ಮೈದಾನದ ತುದಿಗೆ ಒಯ್ದು ನಿಲ್ಲಿಸುವ ಹೊತ್ತಿಗೆ ಶಂಕರ ಭಾವ ಜರಿ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು.

“ರಮೇಶಾ, ಬೋರಿನ ಪಂಪು ನೀರು ಎಳೆಯುದಿಲ್ಲ ಮಾರಾಯ! ಐನೂರು ಜನ ಊಟಕ್ಕುಂಟು, ಕೈ ತೊಳಿಲಿಕ್ಕೆ ನೀರಿಲ್ಲ. ಇಳಿ ಇಳಿ, ನನ್ನ ಮಾನ ಉಳಿಸು!”

ಇವರು ಇಳಿದರು. ಕೀಲಿಯ ಗುಂಡಿ ಒತ್ತಿ ಕಾರಿಗೆ ಬೀಗ ಹಾಕಿದರು. ಭಾವನ ಹಿಂದೆ ಓಡಿದರು.

ನಾನು ಅಡಿಗೆ ಚಪ್ಪರದ ಬದಿಯಲ್ಲಿ ಬಾಳೆಲೆ ಒರೆಸುತ್ತಿದ್ದೆ. ಅತ್ತೆ ಬಂದು ಕೂತಾಗ ಕೇಳಿದೆ, “ಚಿನ್ನು ಎಲ್ಲಿ ಅತ್ತೆ?”

“ರಮೇಶನ ಹತ್ತಿರ ಉಂಟು. ಒಳ್ಳೆ ನಿದ್ದೆ.”

ಸರಿ, ನಿದ್ದೆ ಮಾಡಲಿ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಇವರು ಪಂಪಿನ ಕೋಣೆಯಿಂದ ಬಗ್ಗಿ ಹೊರಗೆ ಬಂದು ವಯರು ಎಳೆಯುತ್ತಿರುವುದು ಕಂಡಿತು. ಕೈಯಲ್ಲಿ ಮಗುವಿಲ್ಲ. ಆಗಲೂ ನನಗೆ ಭಯವಾಗಲಿಲ್ಲ. ಯಾರಿಗೋ ಕೊಟ್ಟಿರಬೇಕು ಅನ್ನಿಸಿತು. ಸಭಾಭವನದ ಕಿಟಕಿಯಲ್ಲಿ ಯಾರದೋ ಹೆಗಲ ಮೇಲೆ ಕೆಂಪು ಅಂಗಿಯ ಮಗುವೊಂದು ಮಲಗಿದ್ದು ಕಂಡು, ಅದೋ ಅಲ್ಲಿದ್ದಾಳೆ ಎಂದು ಮತ್ತೆ ಎಲೆಗೆ ಕೈ ಹಾಕಿದೆ. ಚಿನ್ನುವಿಗೆ ಕೆಂಪು ಅಂಗಿಯೇ ಇರಲಿಲ್ಲ.

ಎಷ್ಟು ಹೊತ್ತು ಎಂದು ಎಲ್ಲರೂ ಕೇಳುತ್ತಾರೆ. ಒಂದು ಗಂಟೆ ಆಗಿರಲಿಕ್ಕಿಲ್ಲ. ಮೊದಲ ಪಂಕ್ತಿಗೆ ಎಲೆ ಹಾಕುವಾಗ ಅತ್ತೆಗೆ ಊಟಕ್ಕೆ ಮೊದಲು ನುಂಗುವ ಸಕ್ಕರೆ ಕಾಯಿಲೆಯ ಮಾತ್ರೆ ನೆನಪಾಯಿತು. ಅದಿರುವ ಚೀಲ ಕಾರಿನಲ್ಲಿತ್ತು. “ರಮೇಶಾ, ನನ್ನ ಮಾತ್ರೆ” ಎಂದು ಮಗನನ್ನು ಕೂಗಿದರು. ಅತ್ತೆಯ ಮಾತ್ರೆಯ ಗಲಾಟೆಗೆ ನಾನು ಎಷ್ಟು ಸಲ ಗೊಣಗಿದ್ದೇನೆ. ಆವತ್ತು ಅವರು ಇನ್ನೊಂದು ಪಂಕ್ತಿ ಕಾದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಇವರ ಕೂಗು ಕೇಳಿತು. ಅದು ಇವರ ದನಿಯೆಂದು ನನಗೆ ಗುರುತೇ ಸಿಗಲಿಲ್ಲ. ನೋಡಿದರೆ ಮೈದಾನದಿಂದ ಮಗುವನ್ನು ಎರಡು ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದಾರೆ. ಅವಳ ತಲೆ ಹಿಂದಕ್ಕೆ ಜೋತಿತ್ತು. ಮುಟ್ಟಿದರೆ ಕಾದ ಕಾವಲಿ ಮುಟ್ಟಿದ ಹಾಗೆ. ಮಲಗಿದರೆ ಸಾಕು ತಲೆಯೆಲ್ಲ ಬೆವತು ಒದ್ದೆಯಾಗುವ ಹುಡುಗಿ, ಒಂದು ಹನಿ ಬೆವರಿಲ್ಲದೆ ಒಣಗಿದ್ದಳು. ಕರೆದರೆ ಕಣ್ಣು ಬಿಡಲಿಲ್ಲ. ಜನ ಮುತ್ತಿಕೊಂಡರು. ಯಾರೋ ಬಾಯಿಗೆ ನೀರು ಹಾಕಲು ಬಂದರು. ನೆಂಟರಲ್ಲಿ ಒಬ್ಬರು ನರ್ಸ್ ಇದ್ದರು, “ಬಾಯಿಗೆ ಬೇಡ, ಮೈಗೆ ಹಾಕಿ, ಗಾಳಿ ಬಿಡಿ!” ಎಂದು ಗದರಿದರು. ನಳ್ಳಿಯ ಕೆಳಗೆ ಹಿಡಿದೆವು, ಅಂಗಿ ಬಿಚ್ಚಿ ಒದ್ದೆ ಬೈರಾಸಿನ ಬಟ್ಟೆ ಸುತ್ತಿದೆವು. ಆ ನಳ್ಳಿಯಲ್ಲಿ ನೀರು ಬಂದದ್ದು ಇವರು ಆಗಷ್ಟೇ ಪಂಪು ಸರಿಮಾಡಿದ್ದರಿಂದ. ತಿಂಗಳುಗಳ ನಂತರ ಅತ್ತೆ ಹೇಳಿದಾಗ ನನಗೆ ಅದು ಹೊಳೆಯಿತು. ಹೊಳೆದ ಮೇಲೆಯೂ ಆ ವಿಷಯವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಶಂಕರ ಭಾವನೇ, ಮಗನ ಉಪನಯನವನ್ನು ಅಲ್ಲಿಗೆ ಬಿಟ್ಟು, ತಮ್ಮ ಕಾರು ತಿರುಗಿಸಿದರು. ಗಾಜು ಪೂರ್ತಿ ಇಳಿಸಿಕೊಂಡು ಪುತ್ತೂರಿಗೆ ಹೊರಟೆವು. ಸವಣೂರು ದಾಟುವಾಗ ಅವಳ ಕೈಕಾಲು ಅದುರತೊಡಗಿತು. ಮುಂದಿನ ಸೀಟಿನಲ್ಲಿದ್ದ ಇವರು ತಿರುಗಿ ನೋಡಿದರು. “ನೋಡ್ಬೇಡಿ! ನೀವು ನನ್ನ ಮಗುವನ್ನು ನೋಡ್ಬೇಡಿ!” ಎಂದು ನಾನು ಕಿರುಚಿದೆ. ಅವರು ಮುಖ ತಿರುಗಿಸಿ ಪುತ್ತೂರಿನವರೆಗೆ ರಸ್ತೆಯನ್ನೇ ನೋಡುತ್ತಾ ಕೂತರು. ಆ ಮಾತನ್ನು ಅವರು ಎಷ್ಟು ಅಕ್ಷರಶಃ ಪಾಲಿಸಿಬಿಟ್ಟರೆಂದು ನನಗೆ ಗೊತ್ತಾಗುವುದಕ್ಕೆ ಬಹಳ ದಿನ ಬೇಕಾಯಿತು.

ಆಸ್ಪತ್ರೆಯಲ್ಲಿ ನರ್ಸ್ ಜ್ವರ ನೋಡುವ ಕಡ್ಡಿಯನ್ನು ಎರಡು ಸಲ ಇಟ್ಟು ನೋಡಿದಳು. ಆಮೇಲೆ ಚಿನ್ನುವನ್ನು ಐಸಿಯು ಬಾಗಿಲಿನೊಳಗೆ ಒಯ್ದರು. ಡಾಕ್ಟರು ನಮ್ಮ ವಯಸ್ಸಿನವರೇ, ಮಿತ ಮಾತಿನ ಹೆಂಗಸು. ಹೊರಗೆ ಬಂದು ನಿಂತುಕೊಂಡೇ ಹೇಳಿದರು. “ತಂಪು ಮಾಡ್ತಾ ಇದ್ದೇವೆ. ಫಿಟ್ಸ್ ನಿಂತಿದೆ. ಮೆದುಳಿಗೆ, ಕಿಡ್ನಿಗೆ ಎಷ್ಟು ಪೆಟ್ಟಾಗಿದೆ ಅಂತ ಈಗ ಹೇಳ್ಲಿಕ್ಕೆ ಆಗುದಿಲ್ಲ. ಎಚ್ಚರ ಆಗ್ಬೇಕು, ಮೂತ್ರ ಹೋಗ್ಬೇಕು. ಆಮೇಲೆ ಮಾತಾಡುವ.”

“ಮೊದಲಿನ ಹಾಗೆ ಆಗ್ತಾಳಾ?” ಎಂದೆ.

“ಆಗ್ಲಿ ಅಂತಲೇ ನಾವು ಇರುದು” ಎಂದರು. ಹೌದು ಎನ್ನಲಿಲ್ಲ.

ಐಸಿಯು ಎದುರಿನ ಕಾಯುವ ಜಾಗದಲ್ಲಿ ಒಂದಕ್ಕೊಂದು ಜೋಡಿಸಿದ ನೀಲಿ ಕುರ್ಚಿಗಳಿದ್ದವು, ಸದ್ದು ಬಂದ್ ಮಾಡಿಟ್ಟ ಟಿವಿಯಲ್ಲಿ ಯಾರೋ ಬೆಳಗಿನಿಂದ ಸಂಜೆವರೆಗೆ ಅಡಿಗೆ ಮಾಡುತ್ತಿರುತ್ತಿದ್ದರು. ಸುದ್ದಿ ನಮಗಿಂತ ಬೇಗ ಓಡಿತ್ತು. ನೆಂಟರು ಎಳನೀರು ಹಿಡಿದುಕೊಂಡು ಬಂದರು. ಬಂದವರೆಲ್ಲ ಮೊದಲು ನನ್ನ ಕೈ ಹಿಡಿದರು, ಮತ್ತೆ ತಿರುಗಿ ಇವರನ್ನು ನೋಡಿದರು. ಆ ನೋಟಕ್ಕೆ ಒಂದೇ ಅರ್ಥ. ಇವರು ಕುರ್ಚಿಯಲ್ಲಿ ಕೂರಲಿಲ್ಲ. ಮೆಟ್ಟಿಲ ಹತ್ತಿರ, ಗ್ರೀಸ್ ಮೆತ್ತಿದ ಪಂಚೆಯಲ್ಲೇ ನಿಂತಿದ್ದರು. ಆಸ್ಪತ್ರೆಯವರು ತಿಳಿಸಲೇಬೇಕಲ್ಲ, ಪೊಲೀಸಿನವರು ಬಂದು ವಿಚಾರಿಸಿದರು. “ನಾನೇ ಬಿಟ್ಟದ್ದು, ಬೇರೆ ಯಾರದ್ದೂ ತಪ್ಪಿಲ್ಲ” ಎಂದು ಇವರು ಒಂದೇ ಉಸಿರಿಗೆ ಹೇಳಿದರು. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಎತ್ತಿ ಆಚೆ ಎಸೆಯಬೇಕು ಅನ್ನುವಷ್ಟು ಸಿಟ್ಟಿತ್ತು ನನಗೆ.

ನನ್ನ ಪಕ್ಕದ ಕುರ್ಚಿಯಲ್ಲಿ ಕಡಬದ ಕಡೆಯ ಬ್ಯಾರಿ ಹೆಂಗಸೊಬ್ಬರು ಇದ್ದರು, ಐಷಮ್ಮ. ಮೊಮ್ಮಗನಿಗೆ ನ್ಯುಮೋನಿಯಾ ಆಗಿ ಒಳಗಿದ್ದ. ನಾಲ್ಕು ದಿನದಿಂದ ಅಲ್ಲಿದ್ದು ಆ ಜಾಗಕ್ಕೆ ಯಜಮಾನ್ತಿಯ ಹಾಗೆ ಆಗಿದ್ದರು. ಎಲ್ಲಿ ಫ್ಯಾನಿನ ಗಾಳಿ ಬರುತ್ತದೆ, ಯಾವ ನರ್ಸ್ ಒಳಗಿನ ಸುದ್ದಿ ಹೇಳುತ್ತಾಳೆ ಎಂದೆಲ್ಲ ತೋರಿಸಿಕೊಟ್ಟರು. ಫ್ಲಾಸ್ಕಿನಿಂದ ಗಂಜಿ ತಿಳಿ ಬಗ್ಗಿಸಿ, “ಕುಡಿ ಮಗಾ. ನೀನು ಬಿದ್ರೆ ಒಳಗಿದ್ದವಳನ್ನು ಯಾರು ನೋಡುದು?” ಎಂದರು. ಏನಾಯಿತು ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಗೊತ್ತಿರಲಿಲ್ಲ ಎಂದಲ್ಲ, ಇಡೀ ಆಸ್ಪತ್ರೆಗೆ ಗೊತ್ತಿತ್ತು. ಅದೇ ಲೋಟವನ್ನು ತೊಳೆದು ಮತ್ತೆ ಗಂಜಿ ತುಂಬಿಸಿ ಮೆಟ್ಟಿಲ ಹತ್ತಿರ ಹೋಗಿ ಇವರಿಗೂ ಕೊಟ್ಟರು. ನನಗೆ ಕೋಪ ಬಂತು. ಹೊರಗೆ ತೋರಿಸಲಿಲ್ಲ, ಗಂಜಿ ಕುಡಿದಾಗಿತ್ತಲ್ಲ.

ಮರುದಿನ ಸುಳ್ಯದಿಂದ ಅಪ್ಪ ಅಮ್ಮ ಬಂದರು. ಅಮ್ಮ ನನ್ನಂತೆಯೇ, ನಾಲಿಗೆಗೆ ಬೀಗವಿಲ್ಲ. ಬಂದವಳೇ ಅಳಿಯನ ಎದುರು ನಿಂತು, ಆಚೀಚೆ ಜನ ಇದ್ದಾರೆನ್ನುವುದನ್ನೂ ನೋಡದೆ ಶುರುಮಾಡಿದಳು. “ಬ್ಯಾಗು ಮರೀತಾರೆ, ಕೊಡೆ ಮರೀತಾರೆ. ಮಗುವನ್ನು ಮರೆಯುದುಂಟಾ ಯಾರಾದ್ರೂ? ಎಂತ ಅಪ್ಪ ನೀವು?”

ಅಮ್ಮನ ಮಾತು ನನಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಗ ಅಪ್ಪ ಕುರ್ಚಿಯಿಂದ ತಲೆಯೆತ್ತದೆ ಹೇಳಿದರು, “ಉಪ್ಪಿನಂಗಡಿ ಮರ್ತು ಹೋಯ್ತಾ ನಿನಗೆ?”

ಉಪ್ಪಿನಂಗಡಿಯ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನನಗೆ ಎರಡು ವರ್ಷವಿದ್ದಾಗ ಒಂದು ಮದುವೆಗೆಂದು ನೆಂಟರೆಲ್ಲ ಬಾಡಿಗೆ ಜೀಪಿನಲ್ಲಿ ಹೊರಟಿದ್ದರಂತೆ. ಬಾಗಿಲಿಲ್ಲದ, ಮೇಲೆ ಟಾರ್ಪಾಲು ಹೊದಿಸಿದ ಹಳೆಯ ಜೀಪು. ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು, ಹಿಂದೆ ಕಂಬಿಗೆ ನೇತುಬಿದ್ದ ಮಾವಂದಿರು. ಉಪ್ಪಿನಂಗಡಿಯಲ್ಲಿ ಎಲ್ಲರೂ ಇಳಿದು ಮದುವೆ ಮನೆಗೆ ನಡೆದರು. ನಾನು ಸೀಟಿನ ಕೆಳಗೆ ಸೀರೆ ಗಂಟಿಗೆ ಒರಗಿ ನಿದ್ದೆ ಹೋಗಿದ್ದೆ. ಅಮ್ಮ ನಾನು ಚಿಕ್ಕಮ್ಮನ ಹತ್ತಿರ ಇದ್ದೇನೆಂದುಕೊಂಡಳು, ಚಿಕ್ಕಮ್ಮ ಅಮ್ಮನ ಹತ್ತಿರ ಎಂದು. ಜೀಪಿನವ ಮತ್ತೊಂದು ಬಾಡಿಗೆಗೆ ಹೊರಟು ಅರ್ಧ ದಾರಿಯಲ್ಲಿ ನನ್ನ ಅಳು ಕೇಳಿ ತಿರುಗಿಸಿಕೊಂಡು ಬಂದ. ಬರುವಾಗ ನನ್ನ ಎರಡೂ ಕೈಯಲ್ಲಿ ಕಡ್ಲೆ ಮಿಠಾಯಿ ಇತ್ತಂತೆ, ಜೀಪಿನಿಂದ ಇಳಿಯಲು ನಾನೇ ಒಪ್ಪಲಿಲ್ಲವಂತೆ. ಈ ಕಥೆಗೆ ನಕ್ಕು ನಕ್ಕು ನಾವು ದೊಡ್ಡವರಾದವರು. ನನ್ನ ಮದುವೆಯ ದಿನವೂ ಚಿಕ್ಕಮ್ಮ ಇದನ್ನು ಇವರಿಗೆ ಹೇಳಿ, “ಇವಳನ್ನು ಜೀಪಲ್ಲಿ ಬಿಟ್ರೆ ತಿರುಗಿ ಬರ್ತಾಳೆ, ಹೆದರ್ಬೇಡಿ” ಎಂದು ತಮಾಷೆ ಮಾಡಿದ್ದರು.

“ಅದು ಬೇರೆ” ಎಂದಳು ಅಮ್ಮ.

“ಎಂತ ಬೇರೆ?” ಅಪ್ಪ ಈಗ ತಲೆಯೆತ್ತಿದರು. “ಆ ಜೀಪಿಗೆ ಬಾಗಿಲು ಇರ್ಲಿಲ್ಲ. ಅಷ್ಟೇ ಬೇರೆ.”

ಅಮ್ಮ ಕುರ್ಚಿಯಲ್ಲಿ ಕುಸಿದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಹೆಗಲು ಅಲುಗತೊಡಗಿತು. ನನಗೂ ಏನೋ ಕಳಚಿದ ಹಾಗಾಯಿತು. ನನ್ನನ್ನು ಮರೆತವರು ಕೆಟ್ಟವರಾಗಿರಲಿಲ್ಲ. ಅಮ್ಮನಿಗಿಂತ ಹೆಚ್ಚು ಮಕ್ಕಳ ಮೇಲೆ ಜೀವ ಇಟ್ಟವರನ್ನು ನಾನು ಕಂಡಿಲ್ಲ. ಎಲ್ಲರ ಸೊಂಟದ ಮೇಲೆ ಬೆಳೆಯುವ ಮಕ್ಕಳು ಒಮ್ಮೊಮ್ಮೆ ಯಾರ ಸೊಂಟದಲ್ಲೂ ಇರುವುದಿಲ್ಲ. ಹಾಗೆ ಕೈತಪ್ಪಿದ ಗಳಿಗೆಯಲ್ಲಿ ನನಗೆ ಸುತ್ತ ಗಾಳಿಯಿತ್ತು, ನನ್ನ ಅಳು ಹೊರಗೆ ಕೇಳುತ್ತಿತ್ತು. ಚಿನ್ನು ಅತ್ತಿರಬೇಕು. ಅದನ್ನು ನೆನೆಸಿಕೊಳ್ಳಲು ನನಗೆ ಇವತ್ತಿಗೂ ಆಗುವುದಿಲ್ಲ, ಆದ್ದರಿಂದ ಇಲ್ಲಿಗೇ ಬಿಡುತ್ತೇನೆ.

ಆ ಸಂಜೆ ಐಸಿಯು ಬಾಗಿಲು ತೆರೆದು ನರ್ಸ್ ರಿಸಲ್ಟು ಓದುವ ಹಾಗೆ ಕೂಗಿದಳು, “ಚಿನ್ಮಯಿ ಕಡೆಯವರು ಯಾರು? ಮೂತ್ರ ಹೋಗಿದೆ!” ನಾವೆಲ್ಲ ಒಟ್ಟಿಗೆ ಎದ್ದೆವು. ಅತ್ತೆ ಕೈಮುಗಿದರು. ಐಷಮ್ಮ ಕ್ಯಾಂಟೀನಿಗೆ ಹೋಗಿ ಎಲ್ಲರಿಗೂ ಬಿಸಿ ಬನ್ಸ್ ತರಿಸಿದರು. ಒಂದು ಮಗು ಮೂತ್ರ ಮಾಡಿದ್ದಕ್ಕೆ ಬನ್ಸ್ ತಿಂದು ಸಂಭ್ರಮಿಸಿದವರು ಪುತ್ತೂರಿನಲ್ಲಿ ನಾವೇ ಮೊದಲಿರಬೇಕು. ಬಾಯಲ್ಲಿ ಬನ್ಸ್ ಇಟ್ಟುಕೊಂಡು ನಾನು ಜೋರಾಗಿ ಅತ್ತುಬಿಟ್ಟೆ, ಅತ್ತೆಯವರು ನಕ್ಕರು, ಅಮ್ಮ ಹೋಗಿ ಅಳಿಯನ ಕೈಗೆ ಒಂದು ಬನ್ಸ್ ಇಟ್ಟು ವಾಪಸು ಬಂದಳು. ಆ ಪರಿಮಳಕ್ಕೆ ನಾನು ದಾರಿಯಲ್ಲಿ ನಿಂತುಬಿಡುವುದು ಯಾಕೆಂದು ಈಗ ತಿಳಿಯಿತಲ್ಲ.

ಮರುದಿನ ಅವಳಿಗೆ ಎಚ್ಚರವಾಯಿತು. ನನ್ನನ್ನು ನೋಡಿದಳು, ಗುರುತು ಹಿಡಿದಳು. ಆದರೆ ಕೂರಿಸಿದರೆ ಬದಿಗೆ ವಾಲುತ್ತಿದ್ದಳು. ಎಡಗೈ ಮೇಲೇಳಲಿಲ್ಲ. ಓಡಾಡುತ್ತಿದ್ದ ಮಗು, ಅಮ್ಮ, ಅಪ್ಪ, ಕಾಕೆ, ಹಾಲು ಎಂದೆಲ್ಲ ಹೇಳುತ್ತಿದ್ದ ಮಗು, ಎಲ್ಲವನ್ನೂ ಎಲ್ಲೋ ಇಟ್ಟು ಬಂದ ಹಾಗೆ ಸುಮ್ಮನೆ ಮಲಗಿರುತ್ತಿತ್ತು. “ಬರಬಹುದು, ಸಮಯ ಬೇಕು” ಎಂದರು ಡಾಕ್ಟರು. ಆ ‘ಬರಬಹುದು’ ಎಂಬುದನ್ನು ಹಿಡಿದುಕೊಂಡು ಮನೆಗೆ ಬಂದೆವು.

ಕೈಕಾಲಿಗೆ ವ್ಯಾಯಾಮ ಮಾಡಿಸುವ ಆಸ್ಪತ್ರೆ ತವರಿಗೆ ಹತ್ತಿರವೆಂದು ಮಳೆಗಾಲದ ಶುರುವಿಗೆ ನಾನು ಅವಳನ್ನು ಸುಳ್ಯಕ್ಕೆ ಕರೆದುಕೊಂಡು ಹೋದೆ. ಆ ದಿನಗಳನ್ನು ನೆನೆದರೆ ಈಗ ಮನಸ್ಸು ತುಂಬಿ ಬರುತ್ತದೆ. ಬೆಳಿಗ್ಗೆ ಅಪ್ಪ ಅವಳನ್ನು ಎದುರು ಕೂರಿಸಿಕೊಂಡು ಎಡಗೈಗೆ ಒಂದೊಂದೇ ಹುಣಸೆಬೀಜ ಕೊಡುವುದು, ಅವಳು ಬೀಳಿಸುವುದು, ಅಪ್ಪ ಹೆಕ್ಕಿ ಮತ್ತೆ ಕೊಡುವುದು. ಅಪ್ಪನಿಗೆ ಬೇಸರ ಎಂಬುದು ಗೊತ್ತಿರಲಿಲ್ಲ. ಅಮ್ಮ ಎಣ್ಣೆ ತಿಕ್ಕುತ್ತಾ ಅವಳ ಕಿವಿಗೆ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು, ಯಾರ ಸೊಸೆ ಯಾರ ಹತ್ತಿರ ಜಗಳ ಮಾಡಿದಳು ಎಂದು. ಒಂದು ದಿನ ಚಿನ್ನು ಚಾವಡಿಯಲ್ಲಿದ್ದ ಪ್ಲಾಸ್ಟಿಕ್ ಸ್ಟೂಲನ್ನು ಹಿಡಿದು ನಿಂತಳು. ಮತ್ತೊಂದು ದಿನ ಅದನ್ನು ತಳ್ಳಿದಳು, ಸ್ಟೂಲು ಮುಂದೆ ಹೋಯಿತು, ಹಿಂದೆ ಇವಳೂ ಹೋದಳು. ಆ ಕರಕರ ಸದ್ದಿಗೆ ಅಮ್ಮ ಒಲೆಯ ಮೇಲೆ ಹಾಲು ಬಿಟ್ಟು ಓಡಿ ಬಂದಳು. ಹಾಲು ಉಕ್ಕಿದ್ದಕ್ಕೆ ಆವತ್ತು ಯಾರೂ ಬೈಯಲಿಲ್ಲ. ಮಾತುಗಳೂ ಒಂದೊಂದಾಗಿ ತಿರುಗಿ ಬಂದವು. ‘ಅಪ್ಪ’ ಎಂಬುದು ಎಲ್ಲಕ್ಕಿಂತ ಕೊನೆಗೆ ಬಂತು, ಯಾಕೆಂದರೆ ಅದನ್ನು ಕರೆಯಲು ಎದುರಿಗೆ ಅಪ್ಪ ಇರಲಿಲ್ಲ.

ಇವರು ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಕಾರನ್ನು ಮಾರಿದ್ದರು. ಬಂದರೆ ಚಾವಡಿಯ ಆ ಮೂಲೆಯಲ್ಲಿ ಕೂತು ಮಗುವನ್ನು ನೋಡುತ್ತಿದ್ದರು. ಅದೂ ಅವಳು ನೋಡದಿದ್ದಾಗ. ಅವಳು ಹತ್ತಿರ ಬಂದರೆ ಎದ್ದು ಏನೋ ಕೆಲಸ ಹುಡುಕಿಕೊಂಡು ಹೋಗುತ್ತಿದ್ದರು. ಅಮ್ಮನ ಮನೆಯ ಪಂಪು ಆ ವರ್ಷ ಕೆಡದೆಯೇ ಎಷ್ಟು ಸಲ ರಿಪೇರಿಯಾಯಿತೋ. ಒಮ್ಮೆ ನಾನೇ ಮಗುವನ್ನು ಮಡಿಲಿಗೆ ಕೊಡಲು ಹೋದೆ. ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು.

“ನನ್ನ ಹತ್ತಿರ ಬೇಡ, ವೀಣಾ.”

“ಎಷ್ಟು ದಿನ ಹೀಗೆ?”

“ನೀನೇ ಹೇಳಿದ್ದಲ್ಲ, ನೋಡ್ಬೇಡಿ ಅಂತ.”

ಸಿಟ್ಟಿನಿಂದ ಹೇಳಲಿಲ್ಲ. ಅದಾಗಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಆವತ್ತು ನನಗೆ ಅರ್ಥವಾಯಿತು: ಮಗು ಆಸ್ಪತ್ರೆಯಿಂದ ಬಂದಿದೆ, ಮಗುವಿನ ಅಪ್ಪ ಇನ್ನೂ ಬಂದಿಲ್ಲ.

ಅವಳು ಗುಣವಾದಳು. ಫಿಟ್ಸಿನ ಔಷಧ ಎರಡು ವರ್ಷ ನಡೆದು ನಿಂತಿತು. ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳುವಾಗ ಈಗಲೂ ನಾಲಿಗೆ ಹೊರಗೆ ಹಾಕಿ ಕಷ್ಟಪಡುತ್ತಾಳೆ, ಬಿಸಿಲಿನಲ್ಲಿ ಆಡಲು ನಾವು ಬಿಡುವುದಿಲ್ಲ. ಉಳಿದಂತೆ ಬಾಯಿ ಸುಳ್ಯದ ಅಜ್ಜಿಯದೇ. ಮನೆಯಲ್ಲಿ ಒಂದು ಕ್ರಮ ಮಾಡಿಕೊಂಡೆವು. ಮಗುವನ್ನು ಕೊಡುವವರು ‘ತೆಗೊಳ್ಳಿ, ಇನ್ನು ನಿಮ್ಮ ಹತ್ತಿರ’ ಎಂದು ಬಾಯಿಬಿಟ್ಟು ಹೇಳಬೇಕು, ತೆಗೆದುಕೊಳ್ಳುವವರು ‘ಆಯ್ತು, ನನ್ನ ಹತ್ತಿರ’ ಎನ್ನಬೇಕು. ಮೊದಲು ನೆಂಟರಿಗೆ ನಗು ಬಂತು, ಈಗ ಅವರೂ ಹೇಳುತ್ತಾರೆ. ಕಾರಿಳಿದರೆ ಹಿಂದಿನ ಬಾಗಿಲು ತೆರೆದು ನೋಡದೆ ಬೀಗ ಹಾಕಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಜಂಬರಕ್ಕೆ ಹೋದರೆ ಒಳಗೆ ಹೋಗುವ ಮೊದಲು ನಿಲ್ಲಿಸಿದ ಕಾರುಗಳಿಗೆಲ್ಲ ಹಣೆ ಒತ್ತಿ ಇಣುಕಿಕೊಂಡು ಒಂದು ಸುತ್ತು ಬರುತ್ತೇನೆ. “ವೀಣಕ್ಕ ಕಾರು ವ್ಯಾಪಾರಕ್ಕೆ ಇಳಿದಿದ್ದಾರೆ” ಎಂದು ಹುಡುಗರು ನಗುತ್ತಾರೆ. ನಗಲಿ.

ಇವರು ಮಾತ್ರ ಆ ಕ್ರಮದೊಳಗೆ ಬರಲಿಲ್ಲ. ಅವಳಿಗೆ ಬೇಕಾದ್ದು ತಂದರು, ಜ್ವರ ಬಂದರೆ ಬಾಗಿಲಲ್ಲಿ ನಿಂತು ಬೆಳಗು ಮಾಡಿದರು. ಎತ್ತಿಕೊಳ್ಳಲಿಲ್ಲ. ನಾನು ಕಾರಿನಲ್ಲಿ ಕಿರುಚಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಎಷ್ಟು ರೀತಿಯಲ್ಲಿ ಹೇಳಿದರೂ ಉಪಯೋಗವಾಗಲಿಲ್ಲ. ನಮ್ಮ ಮನೆಯಲ್ಲಿ ಗುಣವಾಗದೆ ಉಳಿದ ಕಾಯಿಲೆ ಅದೊಂದೇ. ಅದಕ್ಕೆ ಯಾವ ಡಾಕ್ಟರ ಹತ್ತಿರವೂ ಔಷಧವಿರಲಿಲ್ಲ.

ಮೊನ್ನೆ ಒಂದು ಭಾನುವಾರ ಮಧ್ಯಾಹ್ನ. ನಾವು ನಾಲ್ವರೂ ಊಟಕ್ಕೆ ಕೂತಿದ್ದೆವು, ಮಾವಿನಹಣ್ಣಿನ ಸಾಸಿವೆ ಗೊಜ್ಜು ಇತ್ತು. ಹಿಂದಿನ ದಿನ ನೆಂಟರ ಮಕ್ಕಳೊಡನೆ ಆಡಲು ಹೋಗಿದ್ದ ಚಿನ್ನು ಗೊರಟು ಚೀಪುತ್ತಾ ಇದ್ದಕ್ಕಿದ್ದಂತೆ ಕೇಳಿದಳು.

“ಅಪ್ಪಾ, ನಾನು ಸಣ್ಣ ಇರುವಾಗ ನೀವು ನನ್ನನ್ನು ಕಾರಲ್ಲಿ ಮರ್ತದ್ದಂತೆ, ಹೌದಾ?”

ಅತ್ತೆಯ ಕೈ ಎಲೆಯ ಮೇಲೆಯೇ ನಿಂತಿತು. ನಾನು ಏನಾದರೂ ಹೇಳಿ ಮಾತು ತಿರುಗಿಸಬೇಕೆಂದು ಬಾಯಿ ತೆರೆದೆ. ಅದಕ್ಕೆ ಮೊದಲೇ ಇವರು ಹೇಳಿದರು, “ಹೌದು, ಮಗಾ.”

“ಮತ್ತೆ ನನ್ನನ್ನು ಹೊರಗೆ ತೆಗೆದದ್ದು ಯಾರು?”

ಇವರು ಸ್ವಲ್ಪ ಹೊತ್ತು ಅನ್ನ ಕಲಸಿದರು. “ನಾನೇ” ಎಂದರು.

ಚಿನ್ನು ಗೊರಟನ್ನು ಬಾಯಿಂದ ತೆಗೆದು ಯೋಚಿಸಿದಳು. ಆಸ್ಪತ್ರೆ, ಔಷಧ, ಹುಣಸೆಬೀಜ, ನನ್ನ ಸಿಟ್ಟು, ಇವರ ನಾಲ್ಕು ವರ್ಷ ಯಾವುದೂ ಅವಳಿಗೆ ಗೊತ್ತಿಲ್ಲ. “ಹಾಗಾದ್ರೆ ಆಯ್ತಲ್ಲ” ಎಂದಳು. ಆಮೇಲೆ ಎರಡೂ ಅಂಟು ಕೈಗಳನ್ನು ಮೇಲೆತ್ತಿ, “ನನಗೆ ಹೊಟ್ಟೆ ತುಂಬಿತು, ನಡೀಲಿಕ್ಕೆ ಆಗುದಿಲ್ಲ. ಕೈ ತೊಳಿಲಿಕ್ಕೆ ಎತ್ತಿಕೊಂಡು ಹೋಗಿ” ಎಂದು ಅಪ್ಪನಿಗೇ ಹೇಳಿದಳು.

ಇವರು ನನ್ನ ಕಡೆ ನೋಡಿದರು. ನಾನು ಮಜ್ಜಿಗೆ ಬಡಿಸುವ ನೆವದಲ್ಲಿ ಅತ್ತೆಯ ಎಲೆಗೆ ಬಗ್ಗಿದೆ. ಬೇಡ ಬೇಡ ಎಂದರೂ ಸುರಿದೆ. ಹಿಂದೆ ಮಣೆ ಸರಿದ ಸದ್ದು ಕೇಳಿತು. ಮತ್ತೆ ಇವರ ಏದುಸಿರು, ಅದರ ಹಿಂದೆಯೇ ಗಾಬರಿಯ ದನಿ.

“ಅಬ್ಬ! ಎಂತ ಭಾರ ಮಾರಾಯ್ತಿ ನೀನು!”

ಅವಳು ಎಷ್ಟು ಭಾರವಾಗಿದ್ದಾಳೆಂದು ನನ್ನ ಸೊಂಟಕ್ಕೆ ದಿನಾ ಗೊತ್ತಿತ್ತು. ಇವರಿಗೆ ಆವತ್ತೇ ಗೊತ್ತಾದದ್ದು.